ಹಿಂದೂಪುರದ ಸೊನ್ನೆ, ಕಲ್ಯಾಣದುರ್ಗದ ಅರ್ಕಾವತ್ತು: ಡೇಟಾಬೇಸ್‌ಗೆ ಹೆಸರು ಸೇರಿಸುವವರಿಗೆ ಯಶಸ್ಸಿನ ಸೂತ್ರಗಳು

ಹಿಂದೂಪುರ, ಕಲ್ಯಾಣದುರ್ಗ ಎರಡೂ ಆಂಧ್ರದ ಊರುಗಳು, ಕರ್ನಾಟಕದ ಗಡಿಗೆ ಹತ್ತಿರ. ಅಲ್ಲಿ ಅನೇಕರಿಗೆ ಕನ್ನಡ, ತೆಲುಗು ಎರಡೂ ಸಲೀಸು. ಅಂಥ ಊರಿನ ಶಾಲೆಗೋ ಸೊಸೈಟಿಗೋ ಸಾಫ್ಟ್‌ವೇರ್ ಬರೆಯುತ್ತಿದ್ದೀರಾ? ಪರೀಕ್ಷೆಗೆ ಈ ಎರಡು ಹೆಸರೇ ಸಾಕು.

1. ಮೊದಲು ಸೊನ್ನೆಯನ್ನು ಹಿಡಿಯಿರಿ. 'ಹಿಂದೂಪುರ'ದಲ್ಲಿ ಇರಬೇಕಾದದ್ದು ಕನ್ನಡದ ಅನುಸ್ವಾರ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 3202. ಟೈಪ್ ಮಾಡುವವರು ಎಷ್ಟೋ ಸಲ ಕನ್ನಡ ಅಂಕಿಯ ಸೊನ್ನೆ ಒತ್ತಿಬಿಡುತ್ತಾರೆ, ಅದು 3302. ಕಣ್ಣಿಗೆ ಎರಡೂ ಒಂದೇ ದುಂಡು, ಡೇಟಾಬೇಸ್‌ಗೆ ಎರಡು ಬೇರೆ ಊರು. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ.

ಕೊನೆಯ 'ರ'ವನ್ನೂ ನೋಡಿ. ಕನ್ನಡದ್ದು 3248, ತೆಲುಗಿನದು 3120. ತಲೆಕಟ್ಟು ಬೇರೆಯಾದರೂ ಅವಸರದ ಕಣ್ಣಿಗೆ ತಿಳಿಯದು. ಕೀಬೋರ್ಡ್ ತೆಲುಗಿನಲ್ಲೇ ಉಳಿದಿದ್ದರೆ ಇಂಥದ್ದು ನುಸುಳುತ್ತದೆ. ತೆಲುಗಿನ ಪಾಲು 3072ರಿಂದ 3199, ಕನ್ನಡದ ಪಾಲು 3200ರಿಂದ 3327. ಒಂದೇ ಪದದಲ್ಲಿ ಎರಡೂ ಬೆರೆತಿದ್ದರೆ ಸೇರಿಸುವ ಮುನ್ನ ತಡೆದು, ತುಂಬುವವರನ್ನೇ ಕೇಳಿ. ಎರಡು ಲಿಪಿಗಳ ಸಮಾನ ಅಕ್ಷರಗಳ ನಡುವೆ 128ರ ಅಂತರ ಇದೆಯೆಂದು ಕೂಡಿಸಿ ಕಳೆದು ನೀವೇ ತಿದ್ದಬೇಡಿ. ಹೆಸರು ಯಾವ ಲಿಪಿಯಲ್ಲಿರಬೇಕು ಎನ್ನುವುದು ಹೆಸರಿನವರ ಹಕ್ಕು.

2. ಬಂದ ಪಠ್ಯವನ್ನು ಎಸ್‌ಕ್ಯೂಎಲ್ ವಾಕ್ಯಕ್ಕೆ ಅಂಟಿಸಬೇಡಿ. ಯಾರೋ ವಿಳಾಸದಲ್ಲಿ ಚುಟುಕಾಗಿ ಕೆ'ದುರ್ಗ ಎಂದು ಬರೆದರು ಅನ್ನಿ. ಆ ಒಂಟಿ ಕೋಟ್ ಕಂಡೊಡನೆ ಪಠ್ಯ ಮುಗಿಯಿತೆಂದು ಡೇಟಾಬೇಸ್ ತಿಳಿಯುತ್ತದೆ, ಉಳಿದ 'ದುರ್ಗ'ಕ್ಕೆ ಎರರ್ ಕೊಡುತ್ತದೆ. ಕೆಟ್ಟ ಉದ್ದೇಶದವರು ತಮ್ಮ ಆಜ್ಞೆಯನ್ನು ತೂರಿಸುವುದೂ ಇದೇ ಕಿಂಡಿಯಿಂದ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ: ವಾಕ್ಯ ಬೇರೆ, ಪಠ್ಯ ಬೇರೆ ಹೋಗಲಿ. ಕೋಟ್ ಅಳಿಸಿಹಾಕುವುದಂತೂ ಬೇಡವೇ ಬೇಡ. ಡಿ'ಸೋಜಾ ಎಂಬ ಹೆಸರನ್ನು ನಮ್ಮ ಅನುಕೂಲಕ್ಕೆ ಕತ್ತರಿಸುವ ಅಧಿಕಾರ ನಮಗಿಲ್ಲ.

3. ಕಾಲಂ ಅಳೆದು ಕೊಡಿ. 'ಕಲ್ಯಾಣದುರ್ಗ' ಓದುವವರಿಗೆ ಐದು ಅಕ್ಷರ, ಯೂನಿಕೋಡ್‌ಗೆ 11, ಯುಟಿಎಫ್-8ರಲ್ಲಿ 33 ಬೈಟ್. ಮೈಎಸ್‌ಕ್ಯೂಎಲ್‌ನಲ್ಲಿ 10ರ ವಾರ್‌ಚಾರ್ ಇಟ್ಟು ಸ್ಟ್ರಿಕ್ಟ್ ಮೋಡ್ ತೆಗೆದಿದ್ದರೆ 'ಕಲ್ಯಾಣದುರ್' ಅಷ್ಟೇ ಉಳಿಯುತ್ತದೆ. ಒರೇಕಲ್‌ನ ವಾರ್‌ಚಾರ್2 ನೀವು ಬೇರೆ ಹೇಳದಿದ್ದರೆ ಬೈಟ್ ಲೆಕ್ಕ ಹಿಡಿಯುತ್ತದೆ. ಅಲ್ಲಿ 30 ಇಟ್ಟರೂ ಈ ಊರು ಹಿಡಿಸದು.

4. ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8ಎಂಬಿ4 ಆರಿಸಿ. ಹಳೆಯ 'ಯುಟಿಎಫ್8' ಮೂರು ಬೈಟ್‌ಗೇ ನಿಲ್ಲುತ್ತದೆ. ಕನ್ನಡ ಅಕ್ಷರಕ್ಕೆ ಮೂರೇ ಬೈಟ್ ಬೇಕಾದ್ದರಿಂದ ಎಲ್ಲ ಸರಿಯಿದೆ ಅನ್ನಿಸುತ್ತದೆ. ನಾಲ್ಕು ಬೈಟಿನ ಎಮೋಜಿ ಬಂದ ದಿನ ಕೈಕೊಡುತ್ತದೆ. ಟೇಬಲ್ ಮಾತ್ರವಲ್ಲ, ಕನೆಕ್ಷನ್‌ಗೂ ಇದನ್ನೇ ಹೇಳಿ.

5. ಎಸ್‌ಕ್ಯೂಎಲ್ ಸರ್ವರ್ ಆದರೆ ಎನ್‌ವಾರ್‌ಚಾರ್ ಕಾಲಂ ಇಡಿ. ಪಠ್ಯವನ್ನು ನೇರ ಬರೆಯುವಾಗ ಕೋಟ್‌ಗೆ ಮುಂಚೆ 'ಎನ್' ಹಾಕಿ. ಮರೆತರೆ ಊರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕೂರುತ್ತವೆ. ಹಾಗೆ ಹೋದ ಹೆಸರನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು.

6. ಹಳೆಯ ನುಡಿ, ಬರಹ ಫೈಲುಗಳನ್ನು ಮೊದಲು ಯೂನಿಕೋಡ್‌ಗೆ ತನ್ನಿ, ಆಮೇಲೆ ಸೇರಿಸಿ. ಆಸ್ಕಿ ಫಾಂಟಿನ ಕಡತದಲ್ಲಿ 'ದುರ್ಗ'ದ ಅರ್ಕಾವತ್ತು ಕಾಣುವ ಹಾಗೆಯೇ 'ಗ'ದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ 'ರ' 'ಗ'ಕ್ಕಿಂತ ಮೊದಲು ಬರಬೇಕು. ಪರಿವರ್ತಕ ಇಲ್ಲಿ ಎಡವಿತೇ ಎಂದು ವರ್ಷ, ಮಾರ್ಗ, ದುರ್ಗ ಇರುವ ಸಾಲುಗಳನ್ನೇ ಹುಡುಕಿ ನೋಡಿ.

7. ಕಾಣದ ಅಕ್ಷರಗಳನ್ನು ಗುಡಿಸಿ ಹಾಕಬೇಡಿ. 'ರಾಜ್‌ಕುಮಾರ್' ಬಿಡಿಬಿಡಿಯಾಗಿ ಕಾಣಲು ನಡುವೆ ಒಂದು ಅದೃಶ್ಯ ಅಕ್ಷರ ಬೇಕು. ತೆಗೆದರೆ 'ರಾಜ್ಕುಮಾರ್' ಆಗುತ್ತದೆ. ಮೂಲ ಹಾಗೇ ಇರಲಿ. ಹುಡುಕಾಟಕ್ಕಾಗಿ ಅವನ್ನು ತೆಗೆದ ಇನ್ನೊಂದು ಕಾಲಂ ಇಡಿ.

8. ಎರಡೂ ಊರುಗಳನ್ನು ಸೇರಿಸಿ, ಮರಳಿ ಓದಿ, ಅಕ್ಷರಸಂಖ್ಯೆಗಳನ್ನು ಪ್ರೋಗ್ರಾಂನಿಂದಲೇ ಹೋಲಿಸಿ: ಹಿಂದೂಪುರಕ್ಕೆ 8, ಕಲ್ಯಾಣದುರ್ಗಕ್ಕೆ 11. ಬ್ಯಾಕಪ್ ತೆಗೆದು ಬೇರೆ ಯಂತ್ರದಲ್ಲಿ ತುಂಬಿದ ಮೇಲೂ ಇದನ್ನೇ ಮಾಡಿ.