ಸರೋವರದ ದಡದ ಚಳಿಗಾಲವೂ ಮನೆಯೊಳಗಿನ ಹಾಡುಗಳೂ

ಭಾನುವಾರ ದೇವಾಲಯದಲ್ಲಿ ಒಂದು ವಿಧದ ಹಾಡು, ಸೋಮವಾರ ನಾಟಿಯ ಗದ್ದೆಯಲ್ಲಿ ಮತ್ತೊಂದು ವಿಧದ ಹಾಡು, ಇದು ಹಲವು ಊರುಗಳ ಸಂಗತಿ. ಕೀರ್ತನೆಗಳು ನಮ್ಮ ಜನರ ಬಾಯಲ್ಲಿ ಯಾಕೆ ನಿಲ್ಲುವದಿಲ್ಲವೆಂದು ನಮ್ಮನ್ನು ಕೇಳಿದವರುಂಟು. ಅದನ್ನು ವಿಚಾರಿಸುವದಕ್ಕೆ ಈ ಸಾರಿ ನಿಮ್ಮನ್ನು ಬಹುದೂರದ ಒಂದು ಸರೋವರಕ್ಕೆ ಕರಕೊಂಡು ಹೋಗುತ್ತೇವೆ.

ಯೂರೋಪಿನ ವಾಯವ್ಯದಲ್ಲಿ, ಸಮುದ್ರದ ನಡುವೆ, ಐಸ್‌ಲೆಂಡ್ ಎಂಬ ದ್ವೀಪವದೆ. ಅದರ ಉತ್ತರಭಾಗದಲ್ಲಿ ಮೀವತ್ನ್ ಸರೋವರ. ನುಸಿಗಳ ಕೆರೆ ಎಂದು ಆ ಹೆಸರಿನ ಅರ್ಥ. ವಿಸ್ತಾರವು ಸುಮಾರು 37 ಚದರ ಕಿಲೋಮೀಟರ್ ಆದರೂ ಆಳವು ಹೆಚ್ಚಿನ ಕಡೆ ಎರಡಾಳುದ್ದವನ್ನು ಮೀರದು. ಚಳಿಗಾಲದಲ್ಲಿ ನೀರು ಗಟ್ಟಿಯಾಗುತ್ತದೆ. ಬಿಸಿನೀರಿನ ಬುಗ್ಗೆಗಳು ಸೇರುವ ಸ್ಥಳಗಳು ಮಾತ್ರ ಹೆಪ್ಪುಗಟ್ಟುವದಿಲ್ಲ. ದಡದ ರೈತರು ಹಿಮಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವರು. ಅಲ್ಲಿ ಕಟ್ಟಿಗೆ ದುರ್ಲಭವಾದ್ದರಿಂದ, ನಮ್ಮಲ್ಲಿ ಬೆರಣಿ ಸುಡುವ ಹಾಗೆ, ಒಣಗಿಸಿದ ಕುರಿಗೊಬ್ಬರವನ್ನು ಸುಟ್ಟು ಆ ಹೊಗೆಯಲ್ಲಿ ಮೀನನ್ನು ಕೆಡದಂತೆ ಕಾಪಾಡುವರು. ಬಿಸಿಯಾದ ನೆಲದಲ್ಲಿ ಕುಳಿ ತೋಡಿ, ಹಿಟ್ಟಿನ ಪಾತ್ರೆಯನ್ನು ಹೂಳಿಟ್ಟು, ಒಂದು ಹಗಲು ಒಂದು ರಾತ್ರಿಯ ಮೇಲೆ ರೊಟ್ಟಿಯನ್ನು ಹೊರಗೆ ತೆಗೆಯುವರು. ಈ ಎರಡು ಪದ್ಧತಿಗಳೂ ಇಂದಿನ ವರೆಗೂ ಉಂಟು.

ನಮ್ಮ ಫಾಲ್ಗುಣದ ಸುಮಾರಿಗೆ ಬರುವ ತಿಂಗಳಿಗೆ ಅವರ ಹಳೇ ಪಂಚಾಂಗದಲ್ಲಿ ಗೋವಾ ಎಂಬ ಹೆಸರು. (ನಮ್ಮ ನೆರೆಯ ಗೋವೆಗೂ ಇದಕ್ಕೂ ಏನೂ ಸಂಬಂಧವಿಲ್ಲ.) ಪೂರ್ವಕಾಲದಲ್ಲಿ ಇದೇ ಭಯದ ತಿಂಗಳು. ಬೇಸಗೆಯಲ್ಲಿ ಕೊಯ್ದಿಟ್ಟ ಒಣಹುಲ್ಲು ತೀರುತ್ತಾ ಬರುವದು, ಹೊಸ ಹುಲ್ಲು ಇನ್ನೂ ಮೊಳೆಯದು. ಕುರಿಗಳು ಸತ್ತರೆ ಮನುಷ್ಯರಿಗೂ ಉಳಿವಿಲ್ಲ. 1783ರಲ್ಲಿ ಆ ದೇಶದ ದಕ್ಷಿಣಭಾಗದಲ್ಲಿ ನೆಲ ಬಿರಿದು ಬೆಂಕಿ ಹರಿದು, ಮೇವು ವಿಷವಾದಾಗ, ಮುಂದಿನ ವರುಷಗಳಲ್ಲಿ ದೇಶದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಹಸಿವೆಯಿಂದಲೂ ರೋಗದಿಂದಲೂ ಸತ್ತರು.

ಇಂಥಾ ತಿಂಗಳಿನಲ್ಲಿ ಅವರು ಸಾಯಂಕಾಲಗಳನ್ನು ಹೇಗೆ ಕಳೆದರು? ಹುಲ್ಲುಹೆಂಟೆಗಳಿಂದ ಕಟ್ಟಿದ ಮನೆಯ ಒಂದೇ ಕೋಣೆಯಲ್ಲಿ ಯಜಮಾನನೂ ಆಳುಗಳೂ ಮಕ್ಕಳೂ ತಮ್ಮ ತಮ್ಮ ಹಾಸಿಗೆಗಳ ಮೇಲೆ ಕೂತು, ಎಣ್ಣೆಯ ದೀಪದ ಮಂದ ಬೆಳಕಿನಲ್ಲಿ ಉಣ್ಣೆ ಹಿಂಜುತ್ತಾ, ನೂಲುತ್ತಾ, ಹೆಣೆಯುತ್ತಾ ಇರುವರು. ಒಬ್ಬನು ಪೂರ್ವಿಕರ ಕಥೆಯನ್ನು ಓದುವನು, ಇಲ್ಲವೆ ರೀಮುರ್ ಎಂಬ ಕಥಾಪದ್ಯಗಳನ್ನು ರಾಗವಾಗಿ ಹೇಳುವನು. ಆಗಾಗ್ಗೆ ಪದ್ಯಸ್ಪರ್ಧೆಯೂ ನಡೆಯುವದು: ಒಬ್ಬನ ಪದ್ಯವು ಯಾವ ಅಕ್ಷರದಲ್ಲಿ ಮುಗಿಯಿತೋ ಅದರಿಂದಲೇ ಮತ್ತೊಬ್ಬನು ಆರಂಭಿಸಬೇಕು. ಇದು ನಮ್ಮ ಅಂತ್ಯಾಕ್ಷರಿಯಲ್ಲವೇ? ಅವರ ಪದ್ಯಕ್ಕೆ ಕಟ್ಟಳೆಯೂ ಉಂಟು. ನಮ್ಮ ಹಳೇ ಕವಿಗಳು ಪ್ರತಿ ಪಾದದ ಎರಡನೆಯ ಅಕ್ಷರವನ್ನು ಒಂದೇಯಾಗಿ ಇಟ್ಟ ಹಾಗೆ, ಅವರು ಮೊದಲನೆಯ ಸಾಲಿನಲ್ಲಿ ಎರಡು ಮಾತುಗಳನ್ನೂ ಎರಡನೆಯ ಸಾಲಿನ ಮೊದಲಿನ ಒಂದು ಮಾತನ್ನೂ ಒಂದೇ ಧ್ವನಿಯಿಂದ ಆರಂಭಿಸುವರು. ಕುರಿಕಾಯುವ ಹುಡುಗನು ಸಹ ಇದನ್ನು ಕಿವಿಯಿಂದಲೇ ಕಲಿತನು. ಕಡೆಯಲ್ಲಿ ಪ್ರಸಂಗ ಪುಸ್ತಕದ ಪಾಠ, ಕೀರ್ತನೆ, ಪ್ರಾರ್ಥನೆ.

ಈ ಕಥಾಪದ್ಯಗಳು ಸಭೆಯ ಅಧಿಕಾರಿಗಳಿಗೆ ಸೇರಲಿಲ್ಲ. ಗುದ್‌ಬ್ರಾಂದುರ್ ಎಂಬ ಬಿಷಪನು 1589ರಲ್ಲಿ ಕೀರ್ತನೆಗಳ ಪುಸ್ತಕವನ್ನು ಅಚ್ಚುಹಾಕಿಸಿ, ರಾಕ್ಷಸರ ಮತ್ತು ವೀರರ ಪದಗಳನ್ನು ಬಿಡಬೇಕೆಂದು ಅದರ ಮುನ್ನುಡಿಯಲ್ಲಿ ಬರೆದನು. 1746ರಲ್ಲಿ ರಾಜಾಜ್ಞೆಯೂ ಇದೇ ಉದ್ದೇಶದಿಂದ ಹೊರಟಿತು. ಜನರು ಬಿಡಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಬಿಷಪನ ಆಶೆ ಒಳ್ಳೇದು, ಉಪಾಯವು ಸಾಲದು.

ಆ ಆಶೆಯನ್ನು ನೆರವೇರಿಸಿದವನು ಹಾಲ್‌ಗ್ರೀಮುರ್ ಪೇತುರ್‌ಸನ್ (1614–1674) ಎಂಬ ಬಡ ಸಭಾಪಾಲಕನು. ಅವನು ಯೌವನದಲ್ಲಿ ಕಮ್ಮಾರನ ಕೆಲಸ ಮಾಡಿದವನು, ಎಳೇ ಮಗಳನ್ನು ಮಣ್ಣಿಗೆ ಕೊಟ್ಟವನು, ಕಡೆಗೆ ಕುಷ್ಠದಿಂದ ಬಾಧೆಪಟ್ಟು ಸತ್ತವನು. ಇವನು ತಾನೇ ಕಥಾಪದ್ಯಗಳನ್ನು ಕಟ್ಟಿ ಕೈ ಪಳಗಿಸಿಕೊಂಡಿದ್ದನು. ಇದನ್ನು ವಾಚಕರು ಗಮನಿಸಬೇಕು. ಕ್ರಿಸ್ತನ ಶ್ರಮೆಗಳ ಕುರಿತು ಅವನು ರಚಿಸಿದ 50 ಕೀರ್ತನೆಗಳು 1666ರಲ್ಲಿ ಅಚ್ಚಾದವು. ಲೆಂತಿನ ದಿನಗಳು ಬರುವದೂ ಹುಲ್ಲು ತೀರುವದೂ ಆ ದೇಶದಲ್ಲಿ ಒಂದೇ ಕಾಲ. ಆ ಸಾಯಂಕಾಲಗಳಲ್ಲಿ ದಿನಕ್ಕೊಂದರಂತೆ ಅವುಗಳನ್ನು ಮನೆಮನೆಗಳಲ್ಲಿ ಹಾಡಿದರು. ಸತ್ತವರ ಎದೆಯ ಮೇಲೆ ಆ ಪುಸ್ತಕವನ್ನಿಟ್ಟು ಹೂಳುವ ವಾಡಿಕೆಯೂ ಇತ್ತು.

ರಾಗಗಳಾದರೋ ಬಹುಪಾಲು ಜರ್ಮನಿ, ಡೆನ್ಮಾರ್ಕುಗಳಿಂದ ಬಂದವುಗಳೇ. ಆದರೆ ವಾದ್ಯವಿಲ್ಲದೆ ತಲೆಮಾರುಗಳ ವರೆಗೆ ಎಳೆದೆಳೆದು ಹಾಡಿದ್ದರಿಂದ, ಹುಟ್ಟಿದೂರಿನವರೇ ಗುರುತಿಸಲಾರದಷ್ಟು ಅವು ಮಾರ್ಪಟ್ಟವು. ಪರದೇಶದ ರಾಗವೆಂಬದೇ ತೊಂದರೆಯೆಂದು ನಾವು ಹಿಂದೆ ಎಣಿಸುತ್ತಿದ್ದೆವು. ಈಗ ಅಷ್ಟು ನಿಶ್ಚಯವಾಗಿ ಹೇಳಲಾರೆವು. ಆ ಜನರು ಅವುಗಳನ್ನು ಪುಸ್ತಕದಲ್ಲಿದ್ದಂತೆ ಅಲ್ಲ, ನೂಲುವ ಕೈಗೆ ತಕ್ಕಂತೆ ಹಾಡಿದರು.

ಮನೆಯೊಳಗಿನ ಆ ಸಾಯಂಕಾಲಗಳು 20ನೆಯ ಶತಮಾನದ ಆರಂಭದಲ್ಲಿ ನಿಂತುಹೋದವು. 1944ರಿಂದ ಆ 50 ಕೀರ್ತನೆಗಳನ್ನು ಲೆಂತಿನಲ್ಲಿ ರೇಡಿಯೋದಲ್ಲಿ ಓದುತ್ತಾರೆ. ಮೀವತ್ನ್ ಸೀಮೆಯ ಆರ್ನರ್‌ವತ್ನ್ ಎಂಬ ಹೊಲಮನೆಯ ರೈತನಾದ ಸಿಗುರ್ದುರ್ ಯೋನ್ಸನ್ (1878–1949) ತನ್ನ ಸೀಮೆಯನ್ನು ಹರಸಿ ಕಟ್ಟಿದ ಒಂದು ಪದವನ್ನು ಆ ದೇಶದವರೆಲ್ಲರು ಈಗಲೂ ಹಾಡುತ್ತಾರೆ.

ಮುಂದಿನ ಕೂಟಕ್ಕೆ ಬರುವ ಮೊದಲು, ವಾಚಕರು ತಮ್ಮ ಊರಿನ ಹಿರಿಯ ತಾಯಂದಿರನ್ನು ಕೇಳಿ, ಅವರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳಲ್ಲಿ ಎರಡನ್ನಾದರೂ ಬರಕೊಂಡು ತರಬೇಕೆಂದು ಬೇಡುತ್ತೇವೆ.