ತುಕ್ಕು ಮತ್ತು ಕುಡಿಯುವ ನೀರು

ಕಬ್ಬಿಣಕ್ಕೆ ತುಕ್ಕೇ ಹಗೆ. ಮಳೆಗಾಲದಲ್ಲಿ ಹೊರಗೆ ಬಿಟ್ಟ ಕುಡುಗೋಲು, ಗುದ್ದಲಿಗಳ ಮೇಲೆ ನಾಲ್ಕೇ ದಿನಗಳಲ್ಲಿ ಕಂದುಬಣ್ಣದ ಹುಡಿ ಕಾಣಿಸಿಕೊಳ್ಳುತ್ತದೆ. ರೈತನು ಅದನ್ನು ಕಲ್ಲಿಗೆ ಉಜ್ಜಿ ತೆಗೆಯುತ್ತಾನೆ. ಸೇತುವೆ, ಹಡಗುಗಳನ್ನು ಕಟ್ಟುವವರು ಅದನ್ನು ತಡೆಯಲು ಬಣ್ಣ ಬಳಿಯುತ್ತಾರೆ. ಇಂತಹ ವಸ್ತುವಿನಿಂದ ಲೋಕಕ್ಕೆ ಉಪಕಾರವಾದೀತೆಂದರೆ ನಂಬುವುದು ಕಷ್ಟ. ಆದರೆ ಬಂಗಾಳದ ಹಳ್ಳಿಗಳಲ್ಲಿ ಬಾವಿಯ ನೀರು ವಿಷವಾದ ಕಥೆಯಲ್ಲಿಯೂ, ಆ ವಿಷವನ್ನು ನೀಗುವ ಉಪಾಯದಲ್ಲಿಯೂ ತುಕ್ಕಿಗೆ ಮುಖ್ಯ ಪಾತ್ರವಿದೆ.

ಕಬ್ಬಿಣ, ಆಮ್ಲಜನಕ, ನೀರು ಇವು ಕೂಡಿ ಹುಟ್ಟುವ ಸಂಯುಕ್ತಗಳ ಒಂದು ಬಳಗಕ್ಕೆ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡುಗಳೆಂದು ಹೆಸರು. ತುಕ್ಕಿನಲ್ಲಿ ಇವೇ ಹೆಚ್ಚಾಗಿರುತ್ತವೆ. ಬಳಗದ ಹಿರಿಯ ಸದಸ್ಯ ಗೋಯಥೈಟ್. ಖನಿಜಗಳಲ್ಲಿ ಆಸಕ್ತಿಯಿದ್ದ ಜರ್ಮನ್ ಕವಿ ಗಯಟೆಯ ಗೌರವಾರ್ಥವಾಗಿ 1806ರಲ್ಲಿ ಈ ಹೆಸರನ್ನಿಡಲಾಯಿತು. ಕರಾವಳಿಯಲ್ಲಿ ಮನೆ ಕಟ್ಟಲು ಬಳಸುವ ಮುರಕಲ್ಲಿನಲ್ಲಿಯೂ ಇದು ಉಂಟು. ಇದರ ಹುಡಿ ಹಳದಿ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಒಳಗಿನ ನೀರು ಹೊರಟು, ಕೆಂಪು ಹೆಮಟೈಟ್ ಉಳಿಯುತ್ತದೆ. ಹಳದಿ ಮಣ್ಣನ್ನು ಸುಟ್ಟು ಕೆಂಪು ಬಣ್ಣ ಪಡೆಯುವ ವಿದ್ಯೆಯನ್ನು ಗುಹೆಗಳಲ್ಲಿ ಚಿತ್ರ ಬರೆದ ಆದಿಮಾನವರೂ ಅರಿತಿದ್ದರು.

ಈ ಬಳಗದ ವಸ್ತುಗಳನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವುದು ಸುಲಭ. ಫೆರಿಕ್ ಲವಣದ ದ್ರಾವಣಕ್ಕೆ ಕ್ಷಾರವನ್ನು ಬೆರೆಸಿದೊಡನೆ ಕೆಂಗಂದು ಬಣ್ಣದ, ಲೋಳೆಯಂತಹ ಒತ್ತರ ಬೀಳುತ್ತದೆ. ಇದಕ್ಕೆ ಫೆರಿಹೈಡ್ರೈಟ್ ಎನ್ನುತ್ತಾರೆ. ಇದನ್ನು ತೀವ್ರ ಕ್ಷಾರದಲ್ಲಿಯೇ 70 ಡಿಗ್ರಿ ಶಾಖದಲ್ಲಿ ಎರಡು ಮೂರು ದಿನ ಇಟ್ಟರೆ ಸೂಜಿಯಾಕಾರದ ಗೋಯಥೈಟ್ ಹರಳುಗಳಾಗುತ್ತವೆ. ಹರಳು ಅಂದವಾಗಿದ್ದರೂ ಲೋಳೆಯ ಬೆಲೆ ಬೇರೆ. ಅದರ ಕಣಗಳು ಅತಿ ಸೂಕ್ಷ್ಮ; ಒಂದು ಗ್ರಾಮಿನಲ್ಲಿರುವ ಕಣಗಳ ಮೇಲ್ಮೈಯನ್ನೆಲ್ಲ ಹಾಸಿದರೆ ಕೆಲವು ನೂರು ಚದರ ಮೀಟರುಗಳಾಗುತ್ತದೆ. ಆರ್ಸೆನಿಕ್ ಎಂಬ ಪಾಷಾಣವು ಈ ಮೇಲ್ಮೈಗೆ ಬಲವಾಗಿ ಅಂಟಿಕೊಳ್ಳುತ್ತದೆ.

ಹಿಮಾಲಯದ ಬಂಡೆಗಳು ಸವೆದು ನದಿಗಳ ಮೂಲಕ ಹರಿದುಬಂದ ಮರಳು, ರೇವೆಗಳ ಕಣಗಳ ಮೇಲೆ ಇಂತಹ ತುಕ್ಕಿನ ಲೇಪವಿತ್ತು. ಲೇಪದಲ್ಲಿ ಅತ್ಯಲ್ಪ ಆರ್ಸೆನಿಕ್ ಸೆರೆಯಾಗಿತ್ತು. ಬಂಗಾಳದ ಬಯಲಿನಲ್ಲಿ ಅದು ಸಾವಿರಾರು ವರ್ಷ ಹೂತುಹೋಯಿತು. ಜೊತೆಯಲ್ಲಿ ಸಸ್ಯಗಳ ಅವಶೇಷಗಳೂ ಹೂತವು. ಗಾಳಿಯಾಡದ ಆ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಕೊಳೆತ ಸಸ್ಯವನ್ನು ತಿಂದು ಬದುಕುತ್ತವೆ. ಉಸಿರಾಟಕ್ಕೆ ಆಮ್ಲಜನಕ ಸಿಗದಿರಲು ಅವು ತುಕ್ಕನ್ನೇ ಬಳಸಿಕೊಳ್ಳುತ್ತವೆ. ಆಗ ಫೆರಿಕ್ ಕಬ್ಬಿಣವು ನೀರಿನಲ್ಲಿ ಕರಗುವ ಫೆರಸ್ ಕಬ್ಬಿಣವಾಗುತ್ತದೆ. ಸೆರೆಯಾಗಿದ್ದ ಆರ್ಸೆನಿಕ್ ಬಿಡುಗಡೆ ಹೊಂದಿ ಅಂತರ್ಜಲವನ್ನು ಸೇರುತ್ತದೆ.

ಕೆರೆ, ಕುಂಟೆಗಳ ನೀರಿನಿಂದ ಹರಡುತ್ತಿದ್ದ ವಾಂತಿಭೇದಿಯನ್ನು ತಪ್ಪಿಸಬೇಕೆಂಬ ಸದುದ್ದೇಶದಿಂದಲೇ ಆ ನಾಡಿನಲ್ಲಿ ಲಕ್ಷಾಂತರ ಕೊಳವೆ ಬಾವಿಗಳನ್ನು ತೋಡಲಾಗಿತ್ತು. ನೀರು ನೋಟಕ್ಕೆ ತಿಳಿ, ರುಚಿಯಲ್ಲಿಯೂ ದೋಷವಿಲ್ಲ. ಅಂಗೈ, ಅಂಗಾಲುಗಳಲ್ಲಿ ಗಂಟುಗಳೆದ್ದು, ಮೈಮೇಲೆ ಕಪ್ಪು ಚುಕ್ಕೆಗಳಾದ ಹಳ್ಳಿಗರನ್ನು 1983ರಲ್ಲಿ ಪರೀಕ್ಷಿಸಿ, ಇದು ಆರ್ಸೆನಿಕ್ಕಿನ ಬಾಧೆಯೆಂದು ಗುರುತಿಸಿದವರು ಕಲ್ಕತ್ತೆಯ ಚರ್ಮರೋಗ ತಜ್ಞ ಡಾ. ಕೆ.ಸಿ. ಸಾಹಾ. ಬಾಂಗ್ಲಾದೇಶದ ಬಾವಿಗಳಲ್ಲಿ ಅದು ಪತ್ತೆಯಾದದ್ದು 1993ರಲ್ಲಿ. ಲೀಟರು ನೀರಿನಲ್ಲಿ ಆರ್ಸೆನಿಕ್ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಅದೇ ವರ್ಷ ಮಿತಿ ಹಾಕಿತು. ಎಷ್ಟೋ ಬಾವಿಗಳ ನೀರಿನಲ್ಲಿ ಇದರ ಹತ್ತು ಪಟ್ಟಿಗಿಂತಲೂ ಹೆಚ್ಚು ವಿಷವಿತ್ತು. ಕುದಿಸಿದರೆ ರೋಗಾಣುಗಳು ಸಾಯಬಹುದು, ಆರ್ಸೆನಿಕ್ ಹೋಗದು.

ಬಿಡುಗಡೆಯಾದ ಕೈದಿಯನ್ನು ಮತ್ತೆ ಹಿಡಿಯಲು ಹಳೆಯ ಸೆರೆಮನೆಯೇ ತಕ್ಕುದಾಯಿತು. ಬಾಂಗ್ಲಾದೇಶದಲ್ಲಿ ಹುಟ್ಟಿದ ರಸಾಯನ ವಿಜ್ಞಾನಿ ಅಬುಲ್ ಹುಸ್ಸಾಮ್ ಅವರು ಮರಳು, ಇದ್ದಿಲು, ಇಟ್ಟಿಗೆ ಚೂರುಗಳ ಜೊತೆಗೆ ಕಬ್ಬಿಣದ ಚೂರುಗಳಿಂದ ಸಿದ್ಧಪಡಿಸಿದ ಪದಾರ್ಥವನ್ನು ಬಕೆಟ್ಟುಗಳಲ್ಲಿ ತುಂಬಿ ‘ಸೋನೋ’ ಎಂಬ ಶೋಧಕವನ್ನು ರೂಪಿಸಿದರು. ಕಬ್ಬಿಣ ಮೆಲ್ಲನೆ ತುಕ್ಕಾಗುತ್ತದೆ, ತುಕ್ಕು ಆರ್ಸೆನಿಕ್ಕನ್ನು ಹಿಡಿದಿಡುತ್ತದೆ. ವಿದ್ಯುತ್ತಿನ ಅಗತ್ಯವೇ ಇಲ್ಲ. 2007ರಲ್ಲಿ ಅಮೆರಿಕದಲ್ಲಿ ಇದಕ್ಕೆ ಹತ್ತು ಲಕ್ಷ ಡಾಲರುಗಳ ಗ್ರೇಂಜರ್ ಬಹುಮಾನ ಬಂದಾಗ, ಹುಸ್ಸಾಮ್ ಅವರು ಅದರ ಬಹುಪಾಲನ್ನು ಶೋಧಕಗಳನ್ನು ಹಂಚುವುದಕ್ಕೇ ಮೀಸಲಿಟ್ಟರು. ಮದರಾಸಿನ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕ ಟಿ. ಪ್ರದೀಪ್ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದರು. ಫೆರಿಹೈಡ್ರೈಟ್ ಕಾಲಕ್ರಮದಲ್ಲಿ ಹರಳಾಗಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸಿಗಡಿಯ ಚಿಪ್ಪಿನಂಥವುಗಳಿಂದ ದೊರೆಯುವ ಕೈಟೊಸಾನ್ ಎಂಬ ಪದಾರ್ಥದ ಹಂದರದಲ್ಲಿ ಅದರ ಕಣಗಳನ್ನು ಬಂಧಿಸಿ, ಅವರು ಈ ಮಾರ್ಪಾಟನ್ನು ತಡೆದರು. ‘ಅಮೃತ್’ ಎಂಬುದು ಈ ವಿಧಾನದ ಹೆಸರು.

ಕೆಲಸ ಮುಗಿಸಿದ ಶೋಧಕದ ಪುಡಿಯನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ಗಾಳಿಯಾಡುವ ಒಣ ಜಾಗದಲ್ಲಿ ಅದು ಆರ್ಸೆನಿಕ್ಕನ್ನು ಭದ್ರವಾಗಿ ಹಿಡಿದುಕೊಂಡಿರುತ್ತದೆ. ತಿಪ್ಪೆಗುಂಡಿಯ ಕೊಳೆತ ಕೆಸರಿಗೆ ಬಿದ್ದರೆ, ನೆಲದಾಳದಲ್ಲಿ ನಡೆದುದೇ ಅಲ್ಲಿಯೂ ನಡೆದು, ವಿಷವು ಪುನಃ ನೀರಿಗೆ ಇಳಿಯುತ್ತದೆ.