ಮೊದಲ ಭೇಟಿಯಲ್ಲಿ ಗಂಡನ ಹೆಸರಿನ ಒಡಪು ಬೇಡ

ತಾಲ್ಲೂಕು ಮಟ್ಟದ ತರಬೇತಿಗಳಲ್ಲಿ ಪರಿಚಯ ಎಂಬುದು ಶಾಲೆಯ ಹಾಜರಿಯ ಹಾಗೆ ನಡೆಯುತ್ತದೆ. ಸಾಲು ಕುರ್ಚಿ, ಎದುರಿಗೆ ವೇದಿಕೆ, ಒಬ್ಬೊಬ್ಬರೇ ಎದ್ದು ಹೆಸರು, ಊರು, ಹುದ್ದೆ ಒಪ್ಪಿಸಿ ಕೂರುವುದು. ಎಲ್ಲರದೂ ಮುಗಿಯುವಷ್ಟರಲ್ಲಿ ಮುಕ್ಕಾಲು ತಾಸು ಹೋಗಿರುತ್ತದೆ. ಪಕ್ಕದಲ್ಲಿ ಕೂತವರ ಹೆಸರೂ ತಲೆಯಲ್ಲಿ ನಿಂತಿರುವುದಿಲ್ಲ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಸಂಜೀವಿನಿ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟಗಳಲ್ಲಿ ದುಡಿಯುವ ಎಂಬಿಕೆ (ಮುಖ್ಯ ಪುಸ್ತಕ ಬರಹಗಾರರು), ಕೃಷಿ ಸಖಿ, ಪಶು ಸಖಿ, ಬಿಸಿ (ಬ್ಯಾಂಕಿಂಗ್ ಪ್ರತಿನಿಧಿ) ಸಖಿಯರನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆಶಾ ಕಾರ್ಯಕರ್ತೆಯರಿಗೂ, ಗ್ರಾಮ ಪಂಚಾಯಿತಿ ಗ್ರಂಥಾಲಯದವರಿಗೂ ಹೊಂದುತ್ತದೆ. ಇವರೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ಮಾತಾಡುವವರು, ಗೂಗಲ್ ಮೀಟ್‌ನಲ್ಲಿ ವರದಿ ಕೊಟ್ಟವರು. ಮುಖ ಮಾತ್ರ ನೋಡಿರುವುದಿಲ್ಲ. ಗುಂಪಿನ ಫೋಟೊದಲ್ಲಿ ಮಗುವೋ ಮನೆದೇವರೋ ಇರುತ್ತದೆ. ಹಾಗಾಗಿ ಇಲ್ಲಿ ಆಗಬೇಕಾದ ಕೆಲಸ ಗೊತ್ತಿರುವ ದನಿಗೆ ಮುಖ ಜೋಡಿಸುವುದು. ಯೂಟ್ಯೂಬಿನಲ್ಲಿ ಕಂಡ ಕಂಪನಿ ಆಟಗಳು ಇದಕ್ಕೆ ಒದಗುವುದಿಲ್ಲ. ಎರಡು ನಿಜ, ಒಂದು ಸುಳ್ಳು ಹೇಳುವ ಆಟವಂತೂ ನನಗೆ ಹಿಡಿಸುವುದೇ ಇಲ್ಲ. ಮೊದಲ ಸಲ ಎದುರಾದವರ ಬಾಯಲ್ಲಿ ಸುಳ್ಳು ಹೇಳಿಸಿ ನಂಬಿಕೆ ಹುಟ್ಟಿಸುವುದು ಹೇಗೆ?

ಆಟಕ್ಕಿಂತ ಮೊದಲು ಚಹಾ

ಒಳಹಳ್ಳಿಗಳಿಂದ ಬರುವವರು ಮನೆಗೆಲಸ ಮುಗಿಸಿ, ನಾಷ್ಟಾ ಬಿಟ್ಟು, ಮೊದಲ ಬಸ್ಸಿಗೆ ಹೊರಟಿರುತ್ತಾರೆ. ಚಹಾ, ಒಂದಿಷ್ಟು ಮಂಡಕ್ಕಿ ಕೊಡಿ. ಸವಣೂರಿನಲ್ಲಿ ಸೇರಿದರೆ ಜೊತೆಗೆ ಖಾರಾ ಇದ್ದೇ ಇರುತ್ತದೆ. ಕುರ್ಚಿಗಳನ್ನು ಗೋಡೆಗೆ ಸರಿಸಿ, ಜಮಖಾನೆ ಹಾಸಿ, ದುಂಡಗೆ ಕೂರಿಸಿ. ಮೊಣಕಾಲು ನೋವಿನವರ ಕುರ್ಚಿಯೂ ಆ ದುಂಡಿನಲ್ಲೇ ಇರಲಿ, ಹಿಂದೆ ಹಾಕಬೇಡಿ. ಸಾಹೇಬರು ನೆಲಕ್ಕೆ ಕೂರಲು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಉದ್ಘಾಟನೆ ಮುಗಿಸಿ ಮರ್ಯಾದೆಯಿಂದ ಕಳಿಸಿಕೊಡಿ. ಅವರು ಮೇಲೆ ಕೂತು ನೋಡುತ್ತಿದ್ದರೆ ಕೆಳಗೆ ಯಾರೂ ನಗುವುದಿಲ್ಲ.

ನೆಲದ ಮೇಲೆ ಜಿಲ್ಲೆ

ಉದ್ದಕ್ಕೆ ಒಂದು ಹಗ್ಗ ಹಾಕಿ. ಅದು ಪುಣೆ-ಬೆಂಗಳೂರು ಹೆದ್ದಾರಿ. ಬಾಗಿಲ ಕಡೆ ಹುಬ್ಬಳ್ಳಿ, ವೇದಿಕೆ ಕಡೆ ದಾವಣಗೆರೆ ಎಂದು ಸಾರಿಬಿಡಿ. ಹಗ್ಗದ ಮೇಲೆ ಶಿಗ್ಗಾವಿಗೊಂದು, ಹಾವೇರಿಗೊಂದು ಚೊಂಬು ಇಡಿ. ರಂಗೋಲಿ ಪುಡಿಯಲ್ಲಿ ವರದಾ ನದಿ ಎಳೆಯಿರಿ: ಹಾನಗಲ್ ಕಡೆಯಿಂದ ಬಂದು, ಹೆದ್ದಾರಿ ದಾಟಿ, ಸವಣೂರು ಸೀಮೆ ಮುಟ್ಟಿ, ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡುತ್ತದೆ. ಅಷ್ಟು ಸಾಕು. ‘ನಿಮ್ಮ ಊರು ಎಲ್ಲಿ ಬರುತ್ತದೋ ಅಲ್ಲಿ ನಿಲ್ಲಿ, ಅಕ್ಕಪಕ್ಕದವರನ್ನು ಕೇಳಿ ಜಾಗ ಸರಿಮಾಡಿಕೊಳ್ಳಿ’ ಎಂದು ಹೇಳಿ ಸುಮ್ಮನಾಗಿ. ಈ ಸುಮ್ಮನಾಗುವುದೇ ತರಬೇತುದಾರರಿಗೆ ಬಾರದ ವಿದ್ಯೆ.

ಗದ್ದಲ ತಾನಾಗಿ ಏಳುತ್ತದೆ. ಮುಂಡಗೋಡ ಗಡಿಯ ಹಾನಗಲ್‌ನವರು ಒಂದು ಗೋಡೆಗೆ ಹತ್ತುತ್ತಾರೆ, ಲಕ್ಷ್ಮೇಶ್ವರ ಕಡೆಯ ಸವಣೂರಿನವರು ಎದುರು ಗೋಡೆಗೆ. ಶಿಕಾರಿಪುರದ ದಾರಿಯಲ್ಲಿರುವ ಹಿರೇಕೆರೂರಿನವರು ವೇದಿಕೆಯನ್ನೇ ಹತ್ತಬೇಕಾಗುತ್ತದೆ. ರಟ್ಟೀಹಳ್ಳಿಯಿಂದ ಬಂದವರಿದ್ದರೆ ‘ನಮ್ದೀಗ ಬ್ಯಾರೆ ತಾಲ್ಲೂಕ್ರೀ’ ಎಂದು ದೂರ ಸರಿಯುತ್ತಾರೆ. ಹಿರಿಯರೊಬ್ಬರು ಇದೆಲ್ಲ ಒಂದು ಕಾಲಕ್ಕೆ ಧಾರವಾಡ ಜಿಲ್ಲೆ ಎಂದು ನೆನಪಿಸುತ್ತಾರೆ. ಹಾವೇರಿ ಬೇರೆಯಾದದ್ದು 1997ರಲ್ಲಿ. ಬಾಡದವರು ಕನಕದಾಸರ ಹೆಸರು ಎತ್ತಿದರೆ ಶಿಶುವಿನಹಾಳದವರು ಶರೀಫಜ್ಜನನ್ನು ಎತ್ತುತ್ತಾರೆ. ಸರ್ವಜ್ಞ ಅಬಲೂರಿನವನೋ ಮಾಸೂರಿನವನೋ ಎಂಬ ತಕರಾರು ಹುಟ್ಟಿದರೆ ಬಿಡಿಸಲು ಹೋಗಬೇಡಿ.

ಎಲ್ಲರೂ ನಿಂತ ಮೇಲೆ ಒಂದೇ ಕೆಲಸ. ಅತಿ ಹತ್ತಿರದಲ್ಲಿರುವ ಬೇರೆ ಪಂಚಾಯಿತಿಯವರನ್ನು ಹಿಡಿದು, ಅವರು ಯಾವ ಸಂತೆಗೆ ಹೋಗುತ್ತಾರೆ, ಯಾವ ಬಸ್ಸು ಹಿಡಿಯುತ್ತಾರೆ ಎಂದು ಕೇಳುವುದು. ಒಂದೇ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವ ಇಬ್ಬರು ಸಿಗದೆ ಇರುವುದಿಲ್ಲ.

ದನಿ ಹಿಡಿಯುವ ಆಟ

ಒಬ್ಬರು ಬೆನ್ನು ತಿರುಗಿಸಿ ಕೂರಲಿ. ಇನ್ನೊಬ್ಬರು ತಾವು ಫೋನಿನಲ್ಲಿ ಯಾವಾಗಲೂ ಹೇಳುವ ಮಾತನ್ನು ಹಾಗೇ ಹೇಳಲಿ. ‘ನೆಟ್‌ವರ್ಕ್ ಇಲ್ರೀ ಮೇಡಂ, ಸಂಜಿ ಮುಂದ ಕಳಸ್ತೇನ್ರೀ’ ಎಂಬ ಒಂದೇ ಸಾಲಿಗೆ ಹತ್ತಾರು ಜನ ಹಕ್ಕುದಾರರು ಸಿಗುತ್ತಾರೆ. ದನಿ ಗುರುತಿಸಿದವರು ತಿರುಗಿ ಮುಖ ನೋಡುವ ಆ ಗಳಿಗೆಗೆ ‘ಅಯ್ಯ, ನೀವಽ ಏನ್ರೀ ಅಕ್ಕಾರ!’ ಎಂಬ ಉದ್ಗಾರ ಬರುತ್ತದೆ. ಮೇಲಧಿಕಾರಿಗಳ ಅಣಕಕ್ಕೆ ಮಾತ್ರ ಅವಕಾಶ ಕೊಡಬೇಡಿ. ವಿಡಿಯೊ ಮಾಡುವವರು ಒಬ್ಬರಾದರೂ ಇರುತ್ತಾರೆ.

ಎಡವುವುದು ಒಡಪಿನಲ್ಲಿ

ನಮ್ಮ ಕಡೆ ಹೆಣ್ಣುಮಕ್ಕಳು ಕೂಡಿದಲ್ಲಿ ಒಡಪು ಬೇಕೇ ಬೇಕು. ಗಂಡನ ಹೆಸರನ್ನು ಪ್ರಾಸದೊಳಗೆ ಇಟ್ಟು ಹೇಳುವುದು, ಹೇಳುವವರೆಗೆ ಹೊಸ್ತಿಲು ದಾಟಗೊಡದಿರುವುದು ಮದುವೆ, ಸೀಮಂತದ ಮನೆಗಳ ಹಳೆಯ ರೂಢಿ. ಹೀಗಾಗಿ ತರಬೇತಿಗೂ ಇದೇ ಸರಿ ಎಂದು ಸಂಘಟಕರಿಗೆ ಅನಿಸುತ್ತದೆ. ‘ಹೂಂ, ಒಬ್ಬೊಬ್ಬರ ನಿಮ್ಮ ಮನಿಯವರ ಹೆಸರ ಒಡಪಿನಾಗ ಹೇಳ್ರಿ’ ಎಂದುಬಿಡುತ್ತಾರೆ.

ಆ ದುಂಡಿನಲ್ಲಿ ಯಾರು ಯಾರು ಕೂತಿದ್ದಾರೆ ನೋಡಿ. ಗಂಡ ತೀರಿಕೊಂಡವರು, ಗಂಡ ಬಿಟ್ಟುಹೋದವರು, ತಾವೇ ಬಿಟ್ಟು ಬಂದವರು, ಮದುವೆಯಾಗದವರು, ದೇವದಾಸಿ ಪದ್ಧತಿಯಿಂದ ಹೊರಬಂದವರು. ಮನೆ ನಡೆಸುವ ಭಾರ ಒಬ್ಬರ ಮೇಲೇ ಬಿದ್ದದ್ದಕ್ಕೇ ಸಂಘದ ಕೆಲಸಕ್ಕೆ ಬಂದವರು ಇವರಲ್ಲಿ ಎಷ್ಟೋ ಜನ. ಸರದಿ ಹತ್ತಿರವಾಗುತ್ತಿದ್ದಂತೆ ಒಬ್ಬರು ನೀರು ಕುಡಿಯಲು ಏಳುತ್ತಾರೆ. ಇನ್ನೊಬ್ಬರು ರಿಂಗಾಗದ ಫೋನನ್ನು ಕಿವಿಗೆ ಹಚ್ಚಿಕೊಂಡು ಹೊರಗೆ ನಡೆಯುತ್ತಾರೆ. ನಾನು ನೋಡಿದ ಒಂದು ತರಬೇತಿಯಲ್ಲಿ ಹಾಗೆ ಎದ್ದವರು ಊಟದ ಹೊತ್ತಿನವರೆಗೂ ಒಳಗೆ ಬರಲೇ ಇಲ್ಲ. ಲೆಕ್ಕ ಬರೆಯುವುದರಲ್ಲಿ ಇಡೀ ಗುಂಪಿಗೆ ಅವರೇ ಮುಂದು.

‘ಮನಸ್ಸಿಲ್ಲದವರು ಬಿಡಬಹುದು ಅಂತ ಮೊದಲೇ ಹೇಳಿದ್ದೆವಲ್ಲ’ ಎಂಬ ಸಮಜಾಯಿಷಿ ಕೇಳಿ ಕೇಳಿ ಸಾಕಾಗಿದೆ. ಎಲ್ಲರೂ ಹೇಳುವಾಗ ಒಬ್ಬರು ಬಿಟ್ಟರೆ ಕಾರಣವನ್ನು ಸಾರಿ ಹೇಳಿದಂತೆಯೇ ಆಯಿತು. ಮೊದಲ ದಿನವೇ ‘ಪಾಪ, ಆಕಿದು ಹಿಂಗಂತ’ ಎಂಬ ಪಿಸುಮಾತು ಹುಟ್ಟಿದರೆ ಮುಂದೆ ಆಕೆ ಸಾಲ ಮರುಪಾವತಿಯ ಬಗ್ಗೆ ಗಟ್ಟಿಯಾಗಿ ಮಾತಾಡಿದರೂ ಜನರ ಕಿವಿಯಲ್ಲಿ ಇರುವುದು ಅದೇ ಪಿಸುಮಾತು. ಗುಂಪಿನಲ್ಲಿ ಗಂಡಸರಿದ್ದರೆ ಅವರಿಗೆ ಹೆಂಡತಿಯ ಹೆಸರು ಹೇಳಿ ಎಂದು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ.

ಅಡ್ಡಹೆಸರು, ಅಂದರೆ ಮನೆತನದ ಹೆಸರು, ಹೇಳಿಸುವ ಆಟದ್ದೂ ಇದೇ ಕಥೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದಾಗ ನಗು ಬರುತ್ತದೆ, ನಿಜ. ಅದೇ ಸುತ್ತಿನಲ್ಲಿ ಜಾತಿಯನ್ನು ಬಯಲಿಗೆ ತರುವ ಅಡ್ಡಹೆಸರಿನವರೂ ಕೂತಿರುತ್ತಾರೆ. ಬಿಟ್ಟುಬಿಡಿ.

ಹಾಗೆಂದು ಒಡಪನ್ನೇ ಕೈಬಿಡಬೇಕಾಗಿಲ್ಲ, ಗುರಿ ಬದಲಿಸಿದರೆ ಸಾಕು. ಬೇರೆ ಬೇರೆ ತಾಲ್ಲೂಕಿನ ಇಬ್ಬಿಬ್ಬರನ್ನು ಜೋಡಿ ಮಾಡಿ. ಹತ್ತು ನಿಮಿಷ ಮಾತಾಡಿ, ಒಬ್ಬರು ಇನ್ನೊಬ್ಬರ ಹೆಸರಿಗೆ ಒಡಪು ಕಟ್ಟಲಿ. ಊರು, ಬೆಳೆ, ಕೆಲಸದಲ್ಲಿ ಏನಕ್ಕೆ ಹೆಸರಾದವರು ಎಂಬ ಮೂರೇ ಸಂಗತಿ ಒಡಪಿನೊಳಗೆ ಬರಬೇಕು. ಮನೆ, ಮಕ್ಕಳ ಸುದ್ದಿ ಬೇಡ. ಹೇಳಬೇಕೆನಿಸಿದವರು ಊಟಕ್ಕೆ ಕೂತಾಗ ತಾವೇ ಹೇಳಿಕೊಳ್ಳುತ್ತಾರೆ. ಮಾದರಿಗೆ ಒಂದನ್ನು ನೀವೇ ಹೇಳಿ:

ವರದಾ ಹೊಳಿ ದಂಡ್ಯಾಗ ಭತ್ತದ ಗದ್ದಿ ಹಸಿರ,
ಪಾಸ್‌ಬುಕ್ಕಿನ ಲೆಕ್ಕದಾಗ ತಪ್ಪಿಲ್ಲ ಒಂದಕ್ಷರ,
ಹಾನಗಲ್ಲಿಂದ ಬಂದಾರ ಅಕ್ಕಾರು, ಕೇಳ್ರಿ ಅವರ ಹೆಸರ!

ಕೊನೆಗೆ ಹೆಸರನ್ನು ಇಡೀ ದುಂಡು ಒಟ್ಟಿಗೆ ಕೂಗಬೇಕು. ಪ್ರಾಸ ಕೂಡದಿದ್ದರೆ ಪಕ್ಕದವರು ಕೂಡಿಸಲಿ. ನಮ್ಮ ಕಡೆಯ ಅವ್ವಂದಿರು ಇದಕ್ಕೆ ಯಾರನ್ನೂ ಕಾಯಿಸುವುದಿಲ್ಲ.

ಹೊರಗೆ ಹೋಗುವುದಾದರೆ

ಸವಣೂರಿನಲ್ಲಿ ಸೇರಿದವರು ದೊಡ್ಡಹುಣಸೆ ಮಠದ ಆವರಣಕ್ಕೆ ಹೋಗಿಬನ್ನಿ. ಅಲ್ಲಿರುವ ದೊಡ್ಡ ಹುಣಸೆ ಮರಗಳು ಆಫ್ರಿಕಾ ಮೂಲದ ಬಾವೊಬಾಬ್. ಒಂದು ಕಾಂಡವನ್ನು ಸುತ್ತುವರಿಯಲು ಎಷ್ಟು ಜನ ಕೈ ಚಾಚಬೇಕು ಎಂದು ಮೊದಲು ಪ್ರತಿಯೊಬ್ಬರೂ ಅಂದಾಜು ಹೇಳಲಿ, ಆಮೇಲೆ ನಿಂತು ನೋಡಲಿ. ಮಠದವರನ್ನು ಕೇಳಿಯೇ ಒಳಗೆ ಹೋಗಿ. 2023ರ ಮಳೆಗಾಲದಲ್ಲಿ ಬಿದ್ದು ಮತ್ತೆ ಎತ್ತಿ ನೆಟ್ಟ ಮರದ ಹತ್ತಿರ ಈ ಆಟ ಬೇಡ. ಶಿಗ್ಗಾವಿಯವರಿಗೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿಯ ಹಳ್ಳಿ ಬದುಕಿನ ಶಿಲ್ಪಗಳಲ್ಲಿ ‘ನಮ್ಮನಿ ಕೆಲಸ’ ಯಾವುದು ಎಂದು ಹುಡುಕಲಿ.

ಇನ್ನುಳಿದದ್ದು ಚುಟುಕಾಗಿ. ಪ್ರತಿಯೊಬ್ಬರೂ ಚೀಟಿಯ ಒಂದು ಬದಿಗೆ ‘ನಾನು ಕಲಿಸಬಲ್ಲೆ’, ಇನ್ನೊಂದು ಬದಿಗೆ ‘ನನಗೆ ಬೇಕು’ ಎಂದು ಬರೆಯಲಿ: ಮಾವಿನ ಉಪ್ಪಿನಕಾಯಿ, ಬೀಜೋತ್ಪಾದನೆ, ಮೊಬೈಲಿನಲ್ಲಿ ಲೆಕ್ಕ ತುಂಬುವುದು, ಏನಾದರೂ ಸರಿ. ಗೋಡೆಗೆ ಅಂಟಿಸಿ, ಹೊಂದುವ ಚೀಟಿಯವರನ್ನು ಊಟಕ್ಕೆ ಜೊತೆಗೆ ಕೂರಿಸಿ. ಬಲೂನು ಒಡೆಯುವುದು, ಸೀರೆ ಉಟ್ಟವರನ್ನು ಓಡಿಸುವುದು ಬೇಡ. ಎಲ್ಲ ಆಟ ಒಂದೇ ದಿನ ಆಡಿಸಬೇಡಿ, ಎರಡು ಸಾಕು. ಯಾರ ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಬೆಳಿಗ್ಗೆಯೇ ಕೇಳಿ ಹಲಗೆಯ ಮೇಲೆ ಬರೆದಿಡಿ.